ಹಳೇ ಮಿಲಿಟರಿ ಪಿಸ್ತೂಲನ್ನು ಓದುವುದು ಹೇಗೆ

ಹೋದ ವರ್ಷ ಮಳೆ ಬಿಟ್ಟ ಮೇಲೆ ಸಕಲೇಶಪುರದ ಆಚೆಯ ಒಂದು ತೋಟದ ಮನೆಯಿಂದ ಫೋನ್ ಬಂತು. ಗೆಳೆಯನ ತಂದೆ ತೀರಿಕೊಂಡು ತಿಂಗಳಾಗಿತ್ತು. ಅಟ್ಟ ಖಾಲಿ ಮಾಡುವಾಗ ಒಂದು ತಗಡಿನ ಟ್ರಂಕು ಸಿಕ್ಕಿತ್ತು. ಮೇಲೆ ಹಳೇ ಕಂಬಳಿ, ಕಾಫಿ ಮಾರಿದ ರಸೀದಿಗಳು. ಅಡಿಯಲ್ಲಿ ಚರ್ಮದ ಚೀಲದೊಳಗೆ ಒಂದು ರಿವಾಲ್ವರ್.

"ಅಣ್ಣ, ಇದನ್ನ ಏನು ಮಾಡೋದು? ಮುಟ್ಟೋಕೂ ಭಯ ಆಗ್ತಿದೆ" ಅಂದ.

"ಮುಟ್ಟಬೇಡ" ಅಂದೆ. ಒಳಗೆ ತೋಟಾ ಇದೆಯೋ ಇಲ್ಲವೋ ಗೊತ್ತಿಲ್ಲದ ಯಾವುದೇ ಕೋವಿಯನ್ನು ತುಂಬಿದೆ ಎಂದೇ ಭಾವಿಸಬೇಕು. ನಮ್ಮ ಕಡೆ ಜೋಡುನಳಿಗೆ ಕೋವಿ ಇರುವ ಮನೆಗಳಲ್ಲಿ ಮಕ್ಕಳಿಗೆ ಮೊದಲು ಕಲಿಸುವ ಪಾಠ ಇದೇ ಅಲ್ವಾ? ಅಜ್ಜನ ಕಾಲದ ಲೈಸೆನ್ಸ್ ಪುಸ್ತಕವೂ ಟ್ರಂಕಿನಲ್ಲೇ ಇತ್ತು. ಆದರೆ ರಿನ್ಯೂವಲ್ ಸೀಲು ಎಂದೋ ನಿಂತುಹೋಗಿತ್ತು. ಪರಿಚಯದ ವಕೀಲರನ್ನು ಕೇಳಿಕೊಂಡು ಸ್ಟೇಷನ್ನಿಗೆ ತಿಳಿಸಿದೆವು. ಅವರು ಬಂದರು, ಖಾಲಿ ಇದೆ ಅಂತ ನೋಡಿ ಖಚಿತ ಮಾಡಿಕೊಂಡರು, ಮಹಜರು ಬರೆಯಲು ಕೂತರು. "ಕಂಪನಿ ಯಾವುದು, ನಂಬರ್ ಎಷ್ಟು, ಯಾವ ಬೋರು?" ಎಂದು ಕೇಳಿದಾಗ ಮನೆಯವರು ನನ್ನ ಮುಖ ನೋಡಿದರು. ಮೊಬೈಲ್ ಟಾರ್ಚ್ ಹಿಡಿದು ಅದರ ಮೈಮೇಲಿನ ಅಕ್ಷರಗಳನ್ನು ಒಂದೊಂದಾಗಿ ಓದಿದೆ. ಎಡಗಡೆ 'ವೆಬ್ಲಿ', ಅದರ ಕೆಳಗೆ 'ಮಾರ್ಕ್ 6', ಪಕ್ಕದಲ್ಲಿ 1917. ನಳಿಗೆಯ ಮೇಲೆ .455, ಅಂದರೆ ಬೋರು, ನಳಿಗೆಯ ಒಳಗಿನ ಅಳತೆ ಅಂಗುಲದಲ್ಲಿ. ಇನ್ನೊಂದು ಕಡೆ ತುದಿಗೆ ತುದಿ ತಾಗಿಸಿದ ಎರಡು ಪುಟ್ಟ ಬಾಣಗಳು.

ಅಷ್ಟರಲ್ಲೇ ಅದರ ಅರ್ಧ ಜೀವನ ಗೊತ್ತಾಯಿತು. ಹೇಗೆ ಗೊತ್ತಾಯಿತು ಎನ್ನುವುದನ್ನೇ ಇಲ್ಲಿ ಹೇಳುತ್ತೇನೆ. ಹಳೇ ಮಿಲಿಟರಿ ಪಿಸ್ತೂಲು ಕೂಡಿಡುವವರನ್ನು ಕಂಡರೆ ತುಂಬ ಜನರಿಗೆ ಇವರಿಗೆ ಗುಂಡು ಹಾರಿಸುವ ಹುಚ್ಚು ಅನಿಸುತ್ತದೆ. ನಾನು ಕಂಡ ಮಟ್ಟಿಗೆ ಅವರದ್ದು ಓದುವ ಹುಚ್ಚು.

ಬೇಲೂರಿಗೆ ಹೋದವರು ನೋಡಿರುತ್ತೀರಿ. ಮದನಿಕೆಯರ ಕಾಲಡಿಯಲ್ಲಿ ಶಿಲ್ಪಿಗಳು ತಮ್ಮ ಹೆಸರು ಕೆತ್ತಿದ್ದಾರೆ. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ, ಹೀಗೆ. ಆ ಒಂದು ಸಾಲು ಇಲ್ಲದಿದ್ದರೆ ಅದು ಬರೀ ಚಂದದ ಕಲ್ಲು. ಸಾಲು ಇರುವುದರಿಂದ ಅದಕ್ಕೆ ಊರಿದೆ, ಮನೆತನ ಇದೆ. ಪಿಸ್ತೂಲಿನ ಮೈಮೇಲಿನ ಮುದ್ರೆಗಳೂ ಅದೇ ಕೆಲಸ ಮಾಡುತ್ತವೆ. ಕಾರ್ಖಾನೆ ಯಾವುದು, ವರ್ಷ ಯಾವುದು, ಪರೀಕ್ಷೆ ಮಾಡಿದವರು ಯಾರು, ಯಾವ ದೇಶದ ಸೈನ್ಯ ತೆಗೆದುಕೊಂಡಿತು, ಕೊನೆಗೆ ಹೇಗೆ ಕೈಬಿಟ್ಟಿತು, ಎಲ್ಲ ಉಕ್ಕಿನ ಮೇಲೇ ಬರೆದಿರುತ್ತದೆ.

ಬಾಣದ ಗುರುತನ್ನೇ ತೆಗೆದುಕೊಳ್ಳಿ. ಬ್ರಿಟಿಷ್ ಸರ್ಕಾರದ ಸೊತ್ತಿನ ಮೇಲೆಲ್ಲ ಒಂದು ಅಗಲ ಬಾಣದ ಮುದ್ರೆ ಇರುತ್ತಿತ್ತು. ಕೆನಡಾದವರು ಅದನ್ನು 'ಸಿ' ಅಕ್ಷರದೊಳಗೆ ಕೂರಿಸಿದರು. ಆಸ್ಟ್ರೇಲಿಯಾದವರು ಎರಡು 'ಡಿ'ಗಳ ನಡುವೆ ಇಟ್ಟರು. ಸೈನ್ಯ ಆ ವಸ್ತುವನ್ನು ಮಾರಿದಾಗ ಮೊದಲ ಬಾಣದ ತುದಿಗೆ ಇನ್ನೊಂದು ಬಾಣದ ತುದಿ ತಾಗುವ ಹಾಗೆ ಹೊಡೆಯುತ್ತಿದ್ದರು. 'ಇದು ಇನ್ನು ನಮ್ಮದಲ್ಲ, ಕದ್ದದ್ದೂ ಅಲ್ಲ' ಎಂದು ಅದರ ಅರ್ಥ. ಟ್ರಂಕಿನ ರಿವಾಲ್ವರ್ ಮೇಲೆ ಇದ್ದದ್ದು ಅದೇ ಜೋಡಿ ಬಾಣ. ಅಂದರೆ ಅದು 1917ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಹುಟ್ಟಿ, ಮಿಲಿಟರಿಯಲ್ಲಿದ್ದು, ಆಮೇಲೆ ಮಿಕ್ಕಿದ ಮಾಲಾಗಿ ಹೊರಗೆ ಬಂದಿತ್ತು.

ಸರ್ಪ್ಲಸ್ ಅಂದರೆ ಇದೇ. ಯುದ್ಧ ಬಂದಾಗ ಸರ್ಕಾರಗಳು ಲಕ್ಷಗಟ್ಟಲೆ ಆಯುಧ ಮಾಡಿಸುತ್ತವೆ. ಯುದ್ಧ ಮುಗಿದ ಮೇಲೆ ಅಷ್ಟನ್ನೂ ಇಟ್ಟುಕೊಂಡು ಎಣ್ಣೆ ಹಚ್ಚುತ್ತಾ ಕೂರುವುದು ಖರ್ಚು. ಹೊಸ ಮಾದರಿ ಬಂದರಂತೂ ಹಳೆಯದು ಬೇಡವೇ ಬೇಡ. ಆಗ ಕೆಲವನ್ನು ಕರಗಿಸುತ್ತಾರೆ, ಕೆಲವನ್ನು ಬೇರೆ ದೇಶಕ್ಕೆ ಕೊಡುತ್ತಾರೆ, ಕೆಲವನ್ನು ವ್ಯಾಪಾರಿಗಳಿಗೆ ಸಗಟಾಗಿ ಮಾರುತ್ತಾರೆ. ಎರಡನೇ ಮಹಾಯುದ್ಧದ ನಂತರ ಅಮೆರಿಕದಲ್ಲಿ ಇಂಥವು ಬಹಳ ಅಗ್ಗವಾಗಿ ಸಿಗುತ್ತಿದ್ದವು. 1968ರ ಕಾನೂನು ಆ ಆಮದಿಗೆ ಬಾಗಿಲು ಹಾಕಿತು. 1980ರ ದಶಕದಲ್ಲಿ ಹಳೇ ಸಂಗ್ರಹಯೋಗ್ಯ ಆಯುಧಗಳಿಗೆ ಮತ್ತೆ ದಾರಿ ಸಿಕ್ಕಿತು. ಅಲ್ಲಿ 50 ವರ್ಷ ದಾಟಿದ ಆಯುಧಗಳಿಗಾಗಿ ಸಂಗ್ರಾಹಕರ ಲೈಸೆನ್ಸೇ ಬೇರೆ ಇದೆ.

ಈಗ ಆ ವೆಬ್ಲಿಯ ವಿಷಯ. ನಮ್ಮ ಕಾಫಿ ಸೀಮೆಯವರಿಗೆ ಇದರ ಕೆಲಸ ತಿಳಿಸುವುದು ಸುಲಭ. ಜೋಡುನಳಿಗೆಯನ್ನು ಮಧ್ಯಕ್ಕೆ ಮುರಿದು ತೋಟಾ ಹಾಕುತ್ತೇವಲ್ಲ, ವೆಬ್ಲಿಯೂ ಹಾಗೇ ಮುರಿಯುತ್ತದೆ. ಹೆಬ್ಬೆರಳಿನ ಹತ್ತಿರ ಒಂದು ಚಿಲಕ. ಅದನ್ನು ಒತ್ತಿದರೆ ನಳಿಗೆ ಮುಂದಕ್ಕೆ ಬಾಗುತ್ತದೆ. ಬಾಗುವಾಗಲೇ ತೋಟಾ ತುಂಬುವ ತಿರುಗುವ ಉರುಳೆಯ (ಸಿಲಿಂಡರ್) ನಡುವಿನಿಂದ ನಕ್ಷತ್ರದ ಆಕಾರದ ಒಂದು ತುಂಡು ಮೇಲೆದ್ದು, ಆರೂ ಖಾಲಿ ತೋಟಾಗಳನ್ನು ಒಟ್ಟಿಗೆ ಹೊರಗೆ ತಳ್ಳುತ್ತದೆ. ಕೆಸರಿನ ಕಂದಕದಲ್ಲಿ, ಕತ್ತಲಲ್ಲಿ, ನಡುಗುವ ಕೈಯಲ್ಲಿ ಬಳಸಬೇಕಾದ ಆಯುಧಕ್ಕೆ ಇದು ಬಹಳ ದೊಡ್ಡ ಅನುಕೂಲ. ಮಾರ್ಕ್ 6 ಬಂದದ್ದು 1915ರಲ್ಲಿ, ಮೊದಲ ಮಹಾಯುದ್ಧದ ನಡುವೆ. ಆರಂಗುಲದ ನಳಿಗೆ, ಸುಮಾರು ಒಂದು ಕಿಲೋ ತೂಕ. ಕೈಗೆ ತೆಗೆದುಕೊಂಡರೆ ಕಲ್ಲು ಎತ್ತಿದ ಹಾಗಾಗುತ್ತದೆ.

ಆ ಯುದ್ಧ ಮುಗಿದ ಮೇಲೆ ಬ್ರಿಟಿಷ್ ಸೈನ್ಯಕ್ಕೆ ಒಂದು ಯೋಚನೆ ಬಂತು. .455ರ ಒದೆತ ಜಾಸ್ತಿ, ಹೊಸಬರಿಗೆ ಬೇಗ ಕಲಿಸಲು ಆಗುವುದಿಲ್ಲ, ಚಿಕ್ಕ ಬೋರು ಸಾಕು ಎಂದು. ವೆಬ್ಲಿ ಕಂಪನಿ .38ರ ಒಂದು ರಿವಾಲ್ವರ್ ತೋರಿಸಿತು. ಸರ್ಕಾರ ಅದನ್ನು ನೋಡಿ, ತನ್ನದೇ ಎನ್‌ಫೀಲ್ಡ್ ಕಾರ್ಖಾನೆಯಲ್ಲಿ ಅದೇ ರೀತಿಯದನ್ನು ಮಾಡಿಸಿ, 1932ರಲ್ಲಿ 'ನಂಬರ್ 2' ಎಂದು ಸೇನೆಗೆ ತೆಗೆದುಕೊಂಡಿತು. ವೆಬ್ಲಿಯವರಿಗೆ ಇದು ಅನ್ಯಾಯ ಅನಿಸಿತು, ಪರಿಹಾರಕ್ಕಾಗಿ ಹೋರಾಡಿದರು. ನನಗೂ ಅದು ಅನ್ಯಾಯವೇ ಅನಿಸುತ್ತದೆ. ಎರಡನ್ನೂ ಪಕ್ಕದಲ್ಲಿ ಇಟ್ಟರೆ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. 1938ರ ನಂತರದ ಎನ್‌ಫೀಲ್ಡ್‌ಗಳಲ್ಲಿ ಕುದುರೆಯ (ತೋಟಾಕ್ಕೆ ಬಡಿಯುವ ಸುತ್ತಿಗೆಯ) ಹಿಂದಿನ ಕೊಕ್ಕೆ ಇರುವುದಿಲ್ಲ. ಟ್ಯಾಂಕಿನೊಳಗಿನ ಇಕ್ಕಟ್ಟಿನಲ್ಲಿ ಅದು ಸಿಕ್ಕಿಹಾಕಿಕೊಳ್ಳುತ್ತಿತ್ತು ಎಂದು ತೆಗೆದರು ಎನ್ನುತ್ತಾರೆ.

ವೆಬ್ಲಿಯ ಕಥೆ ನಮ್ಮ ದೇಶಕ್ಕೂ ಬರುತ್ತದೆ. ಕಾನ್ಪುರದ ಸರ್ಕಾರಿ ಕಾರ್ಖಾನೆಯಲ್ಲಿ ತಯಾರಾದ .32 ರಿವಾಲ್ವರ್ ಇದೆಯಲ್ಲ, ಲೈಸೆನ್ಸ್ ಇರುವ ಎಷ್ಟೋ ಜನರ ಹತ್ತಿರ ಇರುವುದು, ಅದರ ಮೂಲ ವೆಬ್ಲಿಯ .38 ಮಾರ್ಕ್ 4. ಅದೇ ಚಿಲಕ, ಅದೇ ರೀತಿ ಮಧ್ಯಕ್ಕೆ ಮುರಿಯುವುದು. ಇಂಗ್ಲೆಂಡಿನಲ್ಲಿ ನಿಂತುಹೋದ ವಂಶ ಇಲ್ಲಿ ಮುಂದುವರಿಯಿತು.

ಸೆಲ್ಫ್ ಲೋಡಿಂಗ್ ಪಿಸ್ತೂಲುಗಳದ್ದು ಬೇರೆ ಲೋಕ. ಅಲ್ಲಿ ಗುಂಡಿನ ಒದೆತವೇ ಮುಂದಿನ ತೋಟಾ ತುಂಬುವ ಕೆಲಸ ಮಾಡುತ್ತದೆ. ಅವುಗಳಲ್ಲಿ ಜಗತ್ತಿನಾದ್ಯಂತ ಜನ ಹೆಚ್ಚು ಹುಡುಕುವುದು ಜರ್ಮನಿಯ ಲೂಗರ್. ಸ್ವಿಟ್ಜರ್ಲೆಂಡ್ 1900ರಲ್ಲಿ, ಜರ್ಮನ್ ನೌಕಾಪಡೆ 1904ರಲ್ಲಿ, ಭೂಸೇನೆ 1908ರಲ್ಲಿ ಇದನ್ನು ತೆಗೆದುಕೊಂಡವು. ಇದರ ಗುಟ್ಟು ಮೇಲ್ಭಾಗದಲ್ಲಿರುವ ಕೀಲು. ನಿಮ್ಮ ಕೈಯನ್ನು ನೇರ ಚಾಚಿ, ಅಂಗೈಯನ್ನು ಗೋಡೆಗೆ ಒತ್ತಿ ನೋಡಿ. ಎಷ್ಟು ಒತ್ತಿದರೂ ಕೈ ಮಡಚುವುದಿಲ್ಲ. ಮೊಣಕೈಯನ್ನು ಯಾರಾದರೂ ಸ್ವಲ್ಪ ಮೇಲಕ್ಕೆ ತಟ್ಟಿದರೆ ಸಾಕು, ತಟ್ಟನೆ ಮಡಚಿಕೊಳ್ಳುತ್ತದೆ. ಲೂಗರಿನ ಕೀಲೂ ಅದೇ. ಗುಂಡು ಹಾರುವಾಗ ನೇರವಾಗಿದ್ದು ಬಿಗಿಯಾಗಿರುತ್ತದೆ. ನಳಿಗೆ ಒಂದಿಷ್ಟು ಹಿಂದೆ ಸರಿದಾಗ ಕೀಲು ಒಂದು ಇಳಿಜಾರಿಗೆ ತಾಗಿ ಮೇಲಕ್ಕೆ ಮಡಚುತ್ತದೆ, ಖಾಲಿ ತೋಟಾ ಆಚೆ ಬೀಳುತ್ತದೆ. ನೋಡಲು ಗಡಿಯಾರದ ಕೆಲಸದ ಹಾಗೆ ಇರುತ್ತದೆ. ತಯಾರಿಸಲು ದುಬಾರಿ, ಕೊಳೆ ಸೇರಿದರೆ ಕಷ್ಟ. ಅದಕ್ಕೇ 1938ರಲ್ಲಿ ಜರ್ಮನ್ನರು ವಾಲ್ಥರ್ ಪಿ-38ಗೆ ಬದಲಾದರು.

ಲೂಗರಿನಲ್ಲಿ ಸಂಗ್ರಾಹಕರು ಮೊದಲು ನೋಡುವುದು ನಂಬರು. ಚೌಕಟ್ಟಿನ ಮೇಲೆ ಪೂರ್ತಿ ನಂಬರು ಇರುತ್ತದೆ, ಚಿಕ್ಕ ಚಿಕ್ಕ ಭಾಗಗಳ ಮೇಲೆ ಅದರ ಕೊನೆಯ ಎರಡು ಅಂಕಿ. ಪ್ರತಿ ಪಿಸ್ತೂಲಿನ ಭಾಗಗಳನ್ನು ಕೈಯಿಂದ ಉಜ್ಜಿ ಹೊಂದಿಸುತ್ತಿದ್ದರಿಂದ ಒಂದರದ್ದು ಇನ್ನೊಂದಕ್ಕೆ ಸರಿಯಾಗಿ ಕೂರುತ್ತಿರಲಿಲ್ಲ. ರಿಪೇರಿ ಮಾಡುವಾಗ ಬೆರೆತುಹೋಗದಿರಲಿ ಎಂದು ಈ ವ್ಯವಸ್ಥೆ. ನೂರು ವರ್ಷದ ನಂತರವೂ ಎಲ್ಲ ಭಾಗಗಳ ನಂಬರು ಒಂದೇ ಇದ್ದರೆ, ಅದು ಕಾರ್ಖಾನೆಯಿಂದ ಹೊರಟಾಗ ಹೇಗಿತ್ತೋ ಹಾಗೇ ಉಳಿದಿದೆ ಎಂದು ಅರ್ಥ. ಒಂದು ಭಾಗ ಬದಲಾಗಿದ್ದರೂ ಬೆಲೆ ಜೋರಾಗಿ ಇಳಿಯುತ್ತದೆ.

ಇದರಿಂದಲೇ ಮೋಸವೂ ಹುಟ್ಟಿದೆ. ಹಳೇ ನಂಬರು ಉಜ್ಜಿ ಹೊಸದು ಹೊಡೆಯುವವರಿದ್ದಾರೆ. ಕಣ್ಣು ಪಳಗಿದವರು ಅಕ್ಷರದ ಆಕಾರ ನೋಡುತ್ತಾರೆ. ಅಂಚು ನೋಡುತ್ತಾರೆ. ಆ ಜಾಗದಲ್ಲಿ ಉಕ್ಕು ಸ್ವಲ್ಪ ತಗ್ಗಾಗಿದೆಯಾ ಎಂದು ಬೆಳಕನ್ನು ಓರೆಯಾಗಿ ಬಿಟ್ಟು ನೋಡುತ್ತಾರೆ. ವೀರಗಲ್ಲಿನ ಸವೆದ ಅಕ್ಷರ ಓದಲು ನಮ್ಮ ಇತಿಹಾಸದ ಮೇಷ್ಟ್ರು ಸಂಜೆಯ ಓರೆ ಬಿಸಿಲಿಗೆ ಕಾಯುತ್ತಿದ್ದರು. ಅದೇ ಉಪಾಯ.

ಜರ್ಮನ್ ಪಿಸ್ತೂಲುಗಳಲ್ಲಿ ಇನ್ನೊಂದು ಸ್ವಾರಸ್ಯ ಇದೆ. ಎರಡನೇ ಯುದ್ಧದ ಹೊತ್ತಿಗೆ ಕಾರ್ಖಾನೆಯ ಹೆಸರಿನ ಬದಲು ಗುಪ್ತ ಅಕ್ಷರಗಳು ಬಂದವು. ಯಾವ ಊರಲ್ಲಿ ಎಷ್ಟು ತಯಾರಾಗುತ್ತಿದೆ ಎಂದು ಶತ್ರುಗಳಿಗೆ ತಿಳಿಯಬಾರದಲ್ಲ. 'ಎಸಿ' ಎಂದರೆ ವಾಲ್ಥರ್, 'ಬಿವೈಎಫ್' ಎಂದರೆ ಮೌಸರ್, 'ಸಿವೈಕ್ಯೂ' ಎಂದರೆ ಸ್ಪ್ರೀವೆರ್ಕ್. ಪಿ-38ಗಳನ್ನು ವರ್ಷದ ಪ್ರಕಾರ ಸಾಲಾಗಿ ಇಟ್ಟರೆ ಮೊದಲಿನವು ಕನ್ನಡಿಯ ಹಾಗೆ ಹೊಳೆಯುತ್ತವೆ. 1944-45ರ ಹೊತ್ತಿಗೆ ಕೊರೆಯುವ ಯಂತ್ರದ ಗೀರುಗಳು ಹಾಗೇ ಉಳಿದಿರುತ್ತವೆ. ಪಾಲಿಶ್ ಮಾಡಲು ಪುರುಸೊತ್ತೂ ಇರಲಿಲ್ಲ, ಜನರೂ ಇರಲಿಲ್ಲ. ಒಂದು ದೇಶ ಸೋಲುತ್ತಿರುವುದು ಉಕ್ಕಿನ ಮೇಲೆ ಕಾಣುತ್ತದೆ. ನನಗೆ ಆ ಒರಟು ಪಿಸ್ತೂಲುಗಳೇ ಹೆಚ್ಚು ಇಷ್ಟ.

ಅಮೆರಿಕದ 1911 ಬಗ್ಗೆ ಹೇಳಲೇಬೇಕು. ಜಾನ್ ಬ್ರೌನಿಂಗ್ ರೂಪಿಸಿದ .45 ಪಿಸ್ತೂಲು. 1911ರ ಮಾರ್ಚ್ 29ರಂದು ಅಮೆರಿಕದ ಸೈನ್ಯ ಅದನ್ನು ಒಪ್ಪಿಕೊಂಡಿತು. ಎರಡನೇ ಯುದ್ಧದಲ್ಲಿ ಕೋಲ್ಟ್ ಕಂಪನಿಯೊಂದರಿಂದ ಸಾಕಾಗಲಿಲ್ಲ. ಟೈಪ್‌ರೈಟರ್ ಮಾಡುತ್ತಿದ್ದ ರೆಮಿಂಗ್ಟನ್ ರ‍್ಯಾಂಡ್, ರೈಲ್ವೆ ಸಿಗ್ನಲ್ ಮಾಡುತ್ತಿದ್ದ ಯೂನಿಯನ್ ಸ್ವಿಚ್ ಅಂಡ್ ಸಿಗ್ನಲ್, ಎಲ್ಲರೂ ಪಿಸ್ತೂಲು ಮಾಡಿದರು. ಸಿಂಗರ್ ಕೂಡ. ಹೌದು, ನಮ್ಮ ಅಮ್ಮಂದಿರು ಲಂಗ ಬ್ಲೌಸು ಹೊಲಿಯುತ್ತಿದ್ದ ಅದೇ ಸಿಂಗರ್. ಅವರು ಮಾಡಿದ್ದು ಬರೀ 500. ಹಾಗಾಗಿ ಇವತ್ತು ಸಂಗ್ರಾಹಕರು ಅದಕ್ಕೆ ಬಾಯಿ ಬಿಡುತ್ತಾರೆ, ಬೆಲೆಯೂ ಹಾಗೇ ಇದೆ. ಮಿಕ್ಕ ಸಾಧಾರಣ 1911ಗಳನ್ನು ಅಮೆರಿಕದ ಸರ್ಕಾರವೇ 2018ರಿಂದ ಒಂದು ಸಂಸ್ಥೆಯ ಮೂಲಕ ಅಲ್ಲಿನ ನಾಗರಿಕರಿಗೆ ಮಾರುತ್ತಿದೆ.

ಬ್ರೌನಿಂಗ್ ಕೊನೆಗಾಲದಲ್ಲಿ ಶುರು ಮಾಡಿದ ಇನ್ನೊಂದು ಪಿಸ್ತೂಲು ಹೈ-ಪವರ್. ಅವನು 1926ರಲ್ಲಿ ತೀರಿಕೊಂಡ. ಬೆಲ್ಜಿಯಂನ ಡ್ಯುಡೊನೆ ಸೇವ್ ಅದನ್ನು ಮುಗಿಸಿದ. 1935ರಲ್ಲಿ ಸೇವೆಗೆ ಬಂತು, 13 ತೋಟಾ ಹಿಡಿಯುತ್ತಿತ್ತು. ಬೆಲ್ಜಿಯಂ ಜರ್ಮನ್ನರ ಕೈಗೆ ಹೋದ ಮೇಲೆ ಕೆನಡಾದ ಟೊರಾಂಟೊದ ಇಂಗ್ಲಿಸ್ ಕಂಪನಿ ಇದನ್ನು ತಯಾರಿಸಿತು. ಆ ಕೆನಡಾ ಮಾದರಿಯೇ ನಮ್ಮ ಬಂಗಾಳದ ಇಷಾಪುರದ ರೈಫಲ್ ಕಾರ್ಖಾನೆಯಲ್ಲಿ 9 ಎಂ.ಎಂ. 1ಎ ಆಯಿತು. ನಮ್ಮ ಸೇನೆಯ, ಪೊಲೀಸರ ಸೊಂಟದಲ್ಲಿ ದಶಕಗಟ್ಟಲೆ ಇದ್ದದ್ದು ಅದು.

ರಷ್ಯಾದ ನಗಾನ್ ರಿವಾಲ್ವರ್ ಬಗ್ಗೆ ಒಂದೇ ಮಾತು. 1895ರ ಅದರಲ್ಲಿ ಏಳು ತೋಟಾ. ಹೊಡೆಯುವ ಮೊದಲು ಸಿಲಿಂಡರ್ ಮುಂದೆ ಸರಿದು ನಳಿಗೆಗೆ ಅಂಟಿಕೊಳ್ಳುತ್ತದೆ, ಸಂದಿಯಿಂದ ಹೊಗೆ ಸೋರದಿರಲಿ ಎಂದು. ಬುದ್ಧಿವಂತಿಕೆ ಏನೋ ಹೌದು. ಆದರೆ ಅದಕ್ಕಾಗಿ ಟ್ರಿಗರ್ ಎಳೆಯಲು ಬೇಕಾದ ಬಲ ನೋಡಿದರೆ ಅಷ್ಟು ಕಷ್ಟ ಪಡಬೇಕಿರಲಿಲ್ಲ ಅನಿಸುತ್ತದೆ.

ಇನ್ನು ಬಣ್ಣದ ವಿಷಯ. ಮನೆಯಲ್ಲಿ ಹಳೇ ವಸ್ತು ಸಿಕ್ಕಿದರೆ ನಮ್ಮ ಮೊದಲ ಕೆಲಸ ಬ್ರಾಸೋ ಹಾಕಿ ಉಜ್ಜುವುದು. ಇಲ್ಲಿ ಅದೇ ದೊಡ್ಡ ತಪ್ಪು. ಪಿಸ್ತೂಲಿನ ಕಪ್ಪು-ನೀಲಿ ಬಣ್ಣ ಪೇಂಟ್ ಅಲ್ಲ. ಉಕ್ಕಿನ ಮೇಲ್ಪದರವನ್ನೇ ಹದವಾಗಿ ತುಕ್ಕು ಹಿಡಿಸಿ ಮಾಡಿದ ಬಣ್ಣ. ಕಬ್ಬಿಣದ ಕೆಂಪು ತುಕ್ಕು ತಿಂದುಹಾಕುತ್ತದೆ, ಈ ಕಪ್ಪು ತುಕ್ಕು ಕಾಪಾಡುತ್ತದೆ. ಅಂಚುಗಳಲ್ಲಿ ಅದು ಸವೆದು ಬೆಳ್ಳಗಾಗಿದ್ದರೆ, ಆ ಸವೆತ ಚರ್ಮದ ಚೀಲಕ್ಕೆ ಸಾವಿರ ಸಲ ಹೋಗಿ ಬಂದದ್ದರ ಗುರುತು. ಹೊಸದಾಗಿ ಬಣ್ಣ ಕೊಡಿಸಿದರೆ ಆ ಗುರುತು ಅಳಿಸಿಹೋಗುತ್ತದೆ, ಅಕ್ಷರಗಳ ಅಂಚೂ ಮೊಂಡಾಗುತ್ತದೆ. ಹಳೇ ದೇವಸ್ಥಾನಕ್ಕೆ ಆಯಿಲ್ ಪೇಂಟ್ ಬಳಿದ ಹಾಗೆ. ಎಷ್ಟೋ ವೆಬ್ಲಿಗಳಿಗೆ ಇನ್ನೊಂದು ಗಾಯ ಆಗಿದೆ. ಅಮೆರಿಕಕ್ಕೆ ಹೋದವುಗಳಲ್ಲಿ .455 ತೋಟಾ ಸಿಗುವುದು ಕಷ್ಟ ಎಂದು ಸಿಲಿಂಡರಿನ ಹಿಂಭಾಗ ಕೊರೆದು ತೆಳುಮಾಡಿ .45 ಹಾಕುವ ಹಾಗೆ ಮಾಡಿದರು. ಆ ತೋಟಾದ ಒತ್ತಡ ವೆಬ್ಲಿಯ ಮೈಗೆ ಜಾಸ್ತಿ. ಆಯುಧಕ್ಕೂ ಅಪಾಯ, ಹಿಡಿದವನಿಗೂ ಅಪಾಯ. ಕೊರೆಯದೆ ಉಳಿದ ವೆಬ್ಲಿಯನ್ನು ಜನ ಹುಡುಕುವುದು ಅದಕ್ಕೇ.

ಮಲೆನಾಡಿನ ಮಳೆ ಇಂಥ ವಸ್ತುವಿಗೆ ದೊಡ್ಡ ಶತ್ರು. ಆಷಾಢದಲ್ಲಿ ನಮ್ಮ ಮನೆಗಳಲ್ಲಿ ಚಪ್ಪಲಿ, ಬೆಲ್ಟು, ಪುಸ್ತಕ ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ. ಚರ್ಮದ ಚೀಲ ತೇವ ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಚರ್ಮ ಹದ ಮಾಡಲು ಬಳಸಿದ ರಾಸಾಯನಿಕವೂ ಉಕ್ಕನ್ನು ತಿನ್ನುತ್ತದೆ. ಅದಕ್ಕೇ ಪಿಸ್ತೂಲನ್ನು ಅದರದ್ದೇ ಚೀಲದಲ್ಲಿ ಇಡಬಾರದು. ಎರಡನ್ನೂ ಬೇರೆ ಬೇರೆ ಒಣ ಜಾಗದಲ್ಲಿ ಇಡಬೇಕು. ತೆಳುವಾಗಿ ಎಣ್ಣೆ, ಇಲ್ಲವೇ ಮ್ಯೂಸಿಯಂಗಳಲ್ಲಿ ಬಳಸುವ ರಿನೈಸಾನ್ಸ್ ವ್ಯಾಕ್ಸ್ ಸಾಕು. ಟ್ರಂಕಿನ ರಿವಾಲ್ವರಿನ ಬಲಗಡೆ ಚರ್ಮ ತಾಗಿದ್ದ ಕಡೆಯೆಲ್ಲ ಅಕ್ಕಿ ಕಾಳಿನಷ್ಟು ಗುಳಿಗಳು ಬಿದ್ದಿದ್ದವು. ನೋಡಿ ಬೇಜಾರಾಯಿತು. ಗೆಳೆಯನ ಅಪ್ಪ ಜೋಪಾನವಾಗಿ ಇಡಬೇಕು ಎಂದೇ ಚೀಲದಲ್ಲಿ ಇಟ್ಟಿದ್ದರು.

ಇಷ್ಟೆಲ್ಲ ಓದಿ ನಾನೂ ಒಂದು ಕೊಳ್ಳಬಹುದಾ ಎಂದು ಕೇಳುವವರಿಗೆ ನೇರವಾಗಿ ಹೇಳಿಬಿಡುತ್ತೇನೆ. ನಮ್ಮ ದೇಶದಲ್ಲಿ ಇದು ಬೇರೆ ದೇಶಗಳ ಹಾಗಲ್ಲ. 1959ರ ಆಯುಧ ಕಾಯ್ದೆ, 2016ರ ನಿಯಮಗಳು ಇದನ್ನು ನೋಡಿಕೊಳ್ಳುತ್ತವೆ. ಬೋರುಗಳಲ್ಲಿ ಎರಡು ಗುಂಪು. ಸೇನೆ-ಪೊಲೀಸರು ಬಳಸುವ .303, .38, .455, 9 ಎಂ.ಎಂ. ಇವೆಲ್ಲ ನಿಷೇಧಿತ ಬೋರು. ಅವುಗಳಿಗೆ ಜಿಲ್ಲಾಧಿಕಾರಿ ಲೈಸೆನ್ಸ್ ಕೊಡುವಂತಿಲ್ಲ, ದೆಹಲಿಯ ಗೃಹ ಸಚಿವಾಲಯದ ಮಟ್ಟದಲ್ಲೇ ಆಗಬೇಕು. .32, .22 ಮುಂತಾದವು ನಿಷೇಧಿತವಲ್ಲದ ಗುಂಪು. ಈಗ ಯೋಚಿಸಿ. ನಾನು ಮೇಲೆ ವರ್ಣಿಸಿದ ಮಿಲಿಟರಿ ಪಿಸ್ತೂಲುಗಳು ಹೆಚ್ಚುಕಮ್ಮಿ ಎಲ್ಲವೂ ಮೊದಲ ಗುಂಪಿನವು. ಕಾನ್ಪುರದವರು ವೆಬ್ಲಿಯ ಮಾದರಿಯನ್ನು .32ಕ್ಕೆ ಯಾಕೆ ಬದಲಿಸಿದರು ಎನ್ನುವುದೂ ಇಲ್ಲಿ ಅರ್ಥವಾಗುತ್ತದೆ. ನಾಗರಿಕರಿಗೆ ಮಾರಬೇಕಾದರೆ ಬೋರು ಬದಲಾಗಲೇಬೇಕಿತ್ತು.

2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಆಯುಧ. ಮೊದಲು ಮೂರು ಇತ್ತು. ಲೈಸೆನ್ಸ್ ಇಲ್ಲದೆ ನಿಷೇಧಿತ ಆಯುಧ ಇಟ್ಟುಕೊಂಡರೆ ಕನಿಷ್ಠ ಏಳು ವರ್ಷ ಜೈಲು. 'ಅಜ್ಜನದ್ದು, ಸುಮ್ನೆ ನೆನಪಿಗೆ ಇಟ್ಟಿದ್ದೆ' ಎನ್ನುವುದು ಉತ್ತರವಾಗುವುದಿಲ್ಲ. ಬಹಳ ಹಳೆಯದು, ಪುರಾತನ ಬೆಲೆಯದು ಎನ್ನುವ ಆಯುಧಗಳಿಗೆ ಕಾಯ್ದೆಯ 45ನೇ ಸೆಕ್ಷನ್ ಒಂದು ರಿಯಾಯಿತಿ ಕೊಡುತ್ತದೆ. ಆದರೆ ಅದು ರಿಪೇರಿ ಮಾಡಿದರೂ ಗುಂಡು ಹಾರಿಸಲಾಗದ ಸ್ಥಿತಿಯಲ್ಲಿ ಇರಬೇಕು. ಹಳೆಯದು ಎಂಬ ಒಂದೇ ಕಾರಣ ಸಾಲದು. ಜಿಲ್ಲೆಯ ಗಡಿ ದಾಟಿದರೆ ಕೊಡಗಿನಲ್ಲಿ ಕೊಡವರಿಗೆ, ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೆ ಲೈಸೆನ್ಸಿನಿಂದ ವಿನಾಯಿತಿ ಇದೆ. ಅದನ್ನು ನೋಡಿ ನಮ್ಮ ಕಡೆಯವರು ಕೆಲವರು ತಪ್ಪು ತಿಳಿಯುತ್ತಾರೆ. ಅದು ನಮಗೆ ಅನ್ವಯಿಸುವುದಿಲ್ಲ.

ಲೈಸೆನ್ಸ್ ಇದ್ದವರು ತೀರಿಕೊಂಡರೆ ಮನೆಯವರು ತಡ ಮಾಡದೆ ಆಯುಧವನ್ನು ಸ್ಟೇಷನ್ನಿಗೋ ಲೈಸೆನ್ಸ್ ಇರುವ ಡೀಲರಿಗೋ ಒಪ್ಪಿಸಿ ರಸೀದಿ ಪಡೆಯಬೇಕು. ಆಮೇಲೆ ವಾರಸುದಾರರು ಅರ್ಜಿ ಹಾಕಬಹುದು. ಚುನಾವಣೆ ಬಂದಾಗಲೆಲ್ಲ ಕೋವಿ ಒಪ್ಪಿಸಿ ರಸೀದಿ ತಂದು ಅಭ್ಯಾಸ ಇರುವ ನಮ್ಮ ತೋಟದವರಿಗೆ ಇದು ಹೊಸದೇನಲ್ಲ.

ಹಾಗಾದರೆ ಇಲ್ಲಿ ಕೂತು ಏನು ಕೂಡಿಡುವುದು? ನನ್ನ ಹತ್ತಿರ ಒಂದೂ ಪಿಸ್ತೂಲು ಇಲ್ಲ. ಇರುವುದು ಚೀಲಗಳು, ಪಿಸ್ತೂಲಿಗೆ ಕಟ್ಟುವ ದಾರಗಳು, 1937ರ ಮಾದರಿಯ ಕ್ಯಾನ್ವಾಸ್ ಬೆಲ್ಟುಗಳು, ಹಳೇ ಕೈಪಿಡಿಗಳು, ಫೋಟೋಗಳು. ಅವುಗಳ ಮೇಲೂ ಅದೇ ಬಾಣ, ಅದೇ ವರ್ಷ, ಅದೇ ಓದು. ಆಯುಧ ನೋಡಬೇಕು ಅನಿಸಿದರೆ ಮಡಿಕೇರಿಗೆ ಹೋಗುತ್ತೇನೆ. ಜನರಲ್ ತಿಮ್ಮಯ್ಯನವರ ಮನೆ 'ಸನ್ನಿ ಸೈಡ್' 2021ರಿಂದ ಮ್ಯೂಸಿಯಂ ಆಗಿದೆ. ಅಲ್ಲಿ ಗಾಜಿನ ಮುಂದೆ ನಿಂತು ಅರ್ಧ ದಿನ ಕಳೆದದ್ದಿದೆ. ಜೊತೆಗೆ ಹೋದವರು ಹತ್ತು ನಿಮಿಷಕ್ಕೆ ಹೊರಗೆ ಕಾಫಿ ಕುಡಿಯಲು ಹೋದರೂ ನನಗೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ.

ಟ್ರಂಕಿನ ವೆಬ್ಲಿ ಸ್ಟೇಷನ್ನಿನಲ್ಲಿ ಜಮೆ ಆಯಿತು. ಬೋರು ನಿಷೇಧಿತ, ಮರಳಿ ಪಡೆಯುವ ಆಸೆ ಮನೆಯವರಿಗೂ ಇರಲಿಲ್ಲ. ಮಹಜರಿನಲ್ಲಿ ನಂಬರು, ವರ್ಷ, ಜೋಡಿ ಬಾಣ ಎಲ್ಲ ಬರೆಸಿದೆ. ನನ್ನ ನೋಟ್‌ಬುಕ್ಕಿಗೂ ಇಳಿಸಿಕೊಂಡೆ. ಚರ್ಮದ ಚೀಲವನ್ನು ಮಾತ್ರ ಗೆಳೆಯ ನನಗೆ ಕೊಟ್ಟ. "ನಿಮ್ಮ ಹತ್ರ ಇರಲಿ ಅಣ್ಣ, ನೀವಾದ್ರೆ ಹಾಳು ಮಾಡಲ್ಲ" ಅಂದ.

ಕಣದಲ್ಲಿ ಕಾಫಿ ಒಣಗುತ್ತಿದ್ದ ದಿನಗಳಲ್ಲಿ ಅದನ್ನೂ ನೆರಳಲ್ಲಿ ನಿಧಾನ ಒಣಗಿಸಿದೆ. ಬೂಷ್ಟು ಒರೆಸಿದಾಗ ಮುಚ್ಚಳದ ಒಳಗಡೆ ಮಸುಕಾದ ಒಂದು ಮುದ್ರೆ ಕಂಡಿತು. ತಯಾರಕರ ಹೆಸರು ಅಳಿಸಿಹೋಗಿದೆ. ವರ್ಷ ಮಾತ್ರ ಓದಲು ಬರುತ್ತದೆ: 1916. ರಿವಾಲ್ವರಿಗಿಂತ ಒಂದು ವರ್ಷ ಹಿರಿಯದು. ಅಂದರೆ ಈ ಚೀಲ ಮೊದಲು ಬೇರೆ ಯಾವುದೋ ಆಯುಧವನ್ನು ಹೊತ್ತಿರಬಹುದು, ಬೇರೆ ಯಾರದ್ದೋ ಸೊಂಟದಲ್ಲಿ ಇದ್ದಿರಬಹುದು. ಈಗ ಅದು ನನ್ನ ಕಪಾಟಿನಲ್ಲಿದೆ, ಒಳಗೆ ಹಳೇ ಪೇಪರ್ ತುಂಬಿ ಆಕಾರ ನಿಲ್ಲಿಸಿದ್ದೇನೆ. ಪಕ್ಕದಲ್ಲಿ ಒಂದು ಚೀಟಿ, ಅದರ ಮೇಲೆ ಎರಡೂ ವರ್ಷ.